ನಾಯಿಗೆ ಸ್ವಾಗತ, ಷರತ್ತುಗಳು ಅನ್ವಯ

ವಾರಾಂತ್ಯಕ್ಕೆ ರೂಮು ಹುಡುಕುವವರು ಮೊದಲು ನೋಡುವುದು ಈಜುಕೊಳದ ಫೋಟೊ. ನಾಯಿ ಸಾಕಿದವರು ಮೊದಲು ನೋಡುವುದು ನಿಯಮಗಳ ಪುಟ. ಪೆಟ್ ಫ್ರೆಂಡ್ಲಿ ಎಂದು ಹೇಳಿಕೊಳ್ಳುವ ಹೋಟೆಲು, ರೆಸಾರ್ಟುಗಳ ಈ ಪುಟಗಳೆಲ್ಲ ಹೆಚ್ಚುಕಡಿಮೆ ಒಬ್ಬನೇ ಬರೆದಂತಿರುತ್ತವೆ. ಮೊದಲ ಸಾಲಿನಲ್ಲಿ ನಿಮ್ಮ ಮುದ್ದಿನ ಮರಿಗೆ ಹಾರ್ದಿಕ ಸ್ವಾಗತ. ಕೊಟ್ಟ ಸ್ವಾಗತವನ್ನು ಒಂದೊಂದಾಗಿ ವಾಪಸು ಪಡೆಯುವ ಕೆಲಸ ಎರಡನೆಯ ಸಾಲಿನಿಂದ ಶುರು. ಊಟದ ಹಾಲಿಗೆ ಕರೆತರುವಂತಿಲ್ಲ. ಈಜುಕೊಳದ ಹತ್ತಿರ ಸುಳಿಯುವಂತಿಲ್ಲ. ಹುಲ್ಲುಹಾಸಿನ ಮೇಲೆ ಬಿಡುವಂತಿಲ್ಲ. ಮಂಚ, ಸೋಫಾ ಹತ್ತಿಸುವಂತಿಲ್ಲ. ರೂಮಿನಲ್ಲಿ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿ ಓದಿ ನೋಡಿ. ನಾಯಿ ಊಟದ ಹಾಲಿಗೆ ಬರಬಾರದು, ರೂಮಿನಲ್ಲಿ ಒಂದೇ ಇರಲೂ ಬಾರದು. ಹಾಗಾದರೆ ಗಂಡ ಹೆಂಡತಿ ಎದುರುಬದುರು ಕೂತು ಇಡ್ಲಿ ತಿನ್ನುವ ಬಗೆ ಹೇಗೆ? ಪಾಳಿಯ ಮೇಲೆ. ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದ ದಂಪತಿ ಒಬ್ಬರಾದ ಮೇಲೆ ಒಬ್ಬರು ತಿಂಡಿಗೆ ಹೋಗುವುದನ್ನು ಕೊಡಗಿನಿಂದ ಕೂರ್ಗಳ್ಳಿಯವರೆಗೆ ಎಲ್ಲಿ ಬೇಕಾದರೂ ನೋಡಬಹುದು.

ನಿಯಮಗಳಿರುವುದಕ್ಕೆ ನನ್ನ ತಕರಾರಿಲ್ಲ. ಬಿಗಿಯಾದ ನಿಯಮಗಳಿರುವ ಮನೆಯಲ್ಲೇ ನಾಯಿ ನಿಶ್ಚಿಂತೆಯಿಂದ ಮಲಗುವುದನ್ನು ಕಂಡಿದ್ದೇನೆ. ತಕರಾರಿರುವುದು, ಈ ಪುಟ ಬರೆದವರು ನಾಯಿಯನ್ನೊಂದು ಬಿಟ್ಟು ಮಿಕ್ಕೆಲ್ಲವನ್ನೂ ನೆನೆದಿದ್ದಾರೆ ಎಂಬುದಕ್ಕೆ. ಸೋಫಾ ನೆನೆದರು, ಬೆಡ್‌ಶೀಟು ನೆನೆದರು, ಪಕ್ಕದ ರೂಮಿನವರ ದೂರು ನೆನೆದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಾಯಿ ಏನು ಮಾಡುತ್ತದೆ, ಬೆಳಗಿನ ಜಾವ ಐದಕ್ಕೆ ಅದನ್ನು ಎಲ್ಲಿಗೆ ಕರೆದೊಯ್ಯಬೇಕು, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಮಾರಾಟಕ್ಕಿಟ್ಟಿರುವುದು ಅನುಮತಿ, ಇರಲು ತಕ್ಕ ಜಾಗ ಅದರ ಜೊತೆಗೆ ಬರುತ್ತದೆಂದು ನಾವೇ ಊಹಿಸಿಕೊಂಡಿರುತ್ತೇವೆ.

ನಾಯಿಯನ್ನು ಪ್ರವಾಸಕ್ಕೆ ಕರೆದೊಯ್ಯುವ ರೂಢಿ ನಮ್ಮಲ್ಲಿ ತೀರ ಹಳೆಯದೇನಲ್ಲ. ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಇದ್ದೇ ಇರುತ್ತಿದ್ದ ಕಾಲದಲ್ಲಿ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಎಲ್ಲರೂ ತಿರುಪತಿಗೆ ಹೊರಟರೂ ಪಕ್ಕದ ಮನೆಯವರಿಗೆ ಎರಡು ಹೊತ್ತು ಅನ್ನ ಹಾಕಿ ಎಂದು ಹೇಳಿದರಾಯಿತು, ನಾಯಿ ಅಂಗಳ ಕಾಯ್ದುಕೊಂಡು ಬಿದ್ದಿರುತ್ತಿತ್ತು. ಈಗ ಎಂಟನೆಯ ಮಹಡಿಯ ಫ್ಲಾಟಿನಲ್ಲಿ ಇಬ್ಬರೇ. ಎದುರು ಬಾಗಿಲಿನವರ ಹೆಸರು ತಿಳಿಯದು. ನಾಯಿ ಸಾಕಬೇಡಿ ಎಂದು ಅಪಾರ್ಟ್‌ಮೆಂಟಿನ ಸಂಘ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದ್ದರಿಂದ ಫ್ಲಾಟಿನೊಳಗೆ ನಾಯಿಗೆ ಒಂದು ನೆಲೆ ಸಿಕ್ಕಿತು. ಹೋಟೆಲಿಗೆ ಅಂಥ ಕಟ್ಟುಪಾಡಿಲ್ಲ. ಒಳಗೆ ಬಿಡುವುದು, ಬಿಡದಿರುವುದು, ಎಷ್ಟು ವಸೂಲಿ ಮಾಡುವುದು ಎಲ್ಲವೂ ಮಾಲೀಕರ ಮರ್ಜಿ.

ವಸೂಲಿಯ ವಿಷಯವನ್ನೇ ತೆಗೆದುಕೊಳ್ಳಿ. ನಾಯಿಯ ಲೆಕ್ಕಕ್ಕೆ ರಾತ್ರಿಗೆ ಸಾವಿರ, ಎರಡು ಸಾವಿರ ಕೇಳುವುದು ಸಾಮಾನ್ಯ. ಕೆಲವೆಡೆ ಅದರ ಮೇಲೆ ಡೆಪಾಸಿಟ್ಟು ಬೇರೆ. ಈ ದುಡ್ಡಿಗೆ ಪ್ರತಿಯಾಗಿ ಸಿಗುವುದೇನು? ಒಳ್ಳೆಯ ಕಡೆಗಳಲ್ಲಿ ಒಂದು ಹಾಸಿಗೆ, ಎರಡು ಬಟ್ಟಲು, ಬೇಯಿಸಿದ ಕೋಳಿ ಮತ್ತು ಅನ್ನ. ಬಹುಪಾಲು ಕಡೆ ಏನೂ ಇಲ್ಲ. ಆಳವಾಗಿ ತೊಳೆಸುವ ಖರ್ಚು ಎಂದು ಸಮಜಾಯಿಷಿ ಕೊಡುತ್ತಾರೆ. ತೊಳೆಯುವವರು ಯಾರು? ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ. ಪರದೆಗೆ, ಕಾರ್ಪೆಟಿಗೆ ಅಂಟಿದ ಲ್ಯಾಬ್ರಡಾರಿನ ಕೂದಲನ್ನು ಬಗ್ಗಿ ಹೆಕ್ಕುವವನು ಅವನೇ. ನಾಯಿ ಕಂಡರೆ ಅವನಿಗೆ ಭಯವೋ ಎಂದು ಯಾರೂ ಕೇಳಿರುವುದಿಲ್ಲ. ಆ ಎರಡು ಸಾವಿರದಲ್ಲಿ ಅವನ ಕೈಗೆ ಏನಾದರೂ ಸೇರುತ್ತದೆಂದು ನಂಬಲು ನನಗೆ ಯಾವ ಕಾರಣವೂ ಸಿಕ್ಕಿಲ್ಲ. ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಪಡೆದ ಹಣ ಹೆಚ್ಚುವರಿ ಕೆಲಸ ಮಾಡಿದವನಿಗೆ ಹೋಗದಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು. ಶುಲ್ಕದ ಬಗ್ಗೆ ಗೊಣಗುವ ನಾಯಿಯೊಡೆಯರು, ನಾನೂ ಸೇರಿ, ಈ ಹುಡುಗನ ಪರವಾಗಿ ಗೊಣಗಿದ್ದು ಮಾತ್ರ ಕಡಿಮೆ.

ನಗರದ ಸ್ಟಾರ್ ಹೋಟೆಲುಗಳು ಈ ವಿಷಯದಲ್ಲಿ ಶಿಷ್ಟಾಚಾರ ಕಲಿತಿವೆ. ಸ್ವಾಗತದ ಮೇಜಿನಲ್ಲಿ ನಾಯಿಯ ಹೆಸರು ಬರೆದ ಚೀಟಿ, ಬಿಸ್ಕತ್ತು, ನಗುಮುಖ. ಕೊರತೆ ಇರುವುದು ಕಟ್ಟಡದಲ್ಲೇ. ಕನ್ನಡಿಯಂತೆ ಹೊಳೆಯುವ ಗ್ರಾನೈಟಿನ ಮೇಲೆ ಉಗುರು ಊರಲಾಗದೆ ನಾಯಿ ನಾಲ್ಕೂ ಕಾಲು ಚಾಚಿ ಜಾರುತ್ತದೆ. ವಯಸ್ಸಾದ, ಸೊಂಟದ ಕೀಲು ನೋಯುವ ನಾಯಿಗೆ ಇದು ಹಿಂಸೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿದರೆ ನಾಯಿಯದು 45ರವರೆಗೂ ಹಿಡಿಯುತ್ತದೆ. ನಮಗೆ ನಿಶ್ಶಬ್ದವಾಗಿ ಕಾಣುವ ರೂಮಿನಲ್ಲಿ ಅದಕ್ಕೆ ಇಡೀ ಕಾರಿಡಾರು ಮಾತಾಡುತ್ತಿರುತ್ತದೆ: ಲಿಫ್ಟಿನ ಗಂಟೆ, ಟ್ರಾಲಿಯ ಚಕ್ರ, ಬಾಗಿಲ ಬಳಿ ನಿಂತು ಮುಂದೆ ಹೋದ ಯಾರದೋ ಹೆಜ್ಜೆ. ಪ್ರತಿ ಹೆಜ್ಜೆಗೂ ಬೊಗಳುವುದು ತನ್ನ ಕರ್ತವ್ಯವೆಂದು ನಂಬಿದ ನಾಯಿಗೆ ರಾತ್ರಿಯಿಡೀ ಡ್ಯೂಟಿ. ಇನ್ನು ಮಣ್ಣು. ಹುಟ್ಟಿದಾಗಿನಿಂದ ಮಣ್ಣಿನ ಮೇಲೆ ಉಚ್ಚೆ ಹೊಯ್ದ ಪ್ರಾಣಿಗೆ ಹೋಟೆಲಿನ ಹಿಂಬದಿಯ ಜನರೇಟರ್ ಪಕ್ಕದ ಸಿಮೆಂಟು ತೋರಿಸಿ ಇಲ್ಲೇ ಮುಗಿಸು ಎಂದರೆ ಅದು ಮುಖ ನೋಡುತ್ತದೆ. ಒಮ್ಮೊಮ್ಮೆ ಮರುದಿನ ಮಧ್ಯಾಹ್ನದವರೆಗೂ ಹಿಡಿದುಕೊಂಡಿರುತ್ತದೆ.

ಸಣ್ಣ ಸಂಗತಿಯೊಂದನ್ನು ಸೇರಿಸಬೇಕು, ಯಾವ ನಿಯಮಪುಟದಲ್ಲೂ ಇದನ್ನು ನಾನು ನೋಡಿಲ್ಲ. ನಮ್ಮ ಲಾಡ್ಜು, ಹೋಟೆಲುಗಳ ಬಚ್ಚಲಿನ ಮೂಲೆಯಲ್ಲಿ, ವಾಷ್‌ಬೇಸಿನ್ನಿನ ತೂತಿನ ಮೇಲೆ ಬಿಳಿಯ ನುಸಿಗುಳಿಗೆಗಳನ್ನು ಇಟ್ಟಿರುತ್ತಾರೆ. ಅದು ನಾಫ್ತಲೀನ್ ಆಗಿದ್ದರೆ ನುಂಗಿದ ನಾಯಿಯ ಕೆಂಪು ರಕ್ತಕಣಗಳಿಗೇ ಪೆಟ್ಟು. ಚೆಂಡು ಕಂಡರೆ ಬಾಯಿಗೆ ಹಾಕಿಕೊಳ್ಳುವ ಮರಿಗೆ ಅದೂ ಚೆಂಡೇ. ನಾಯಿ ಬರುವ ರೂಮಿನಿಂದ ಅವನ್ನು ತೆಗೆದಿಡಿ ಎಂದು ಹೌಸ್‌ಕೀಪಿಂಗಿನವರಿಗೆ ಒಂದು ಮಾತು ಹೇಳುವುದಕ್ಕೆ ಖರ್ಚೇನೂ ಇಲ್ಲ. ಇಂಥ ಒಂದು ಮಾತು ಹೊಳೆದಿರುವ ಹೋಟೆಲಿಗೆ ನಾನು ನಾಯಿಬಿಸ್ಕತ್ತಿನ ತಟ್ಟೆಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಬೆಂಗಳೂರಿನ ನಾಯಿಗಳು ಹೆಚ್ಚಾಗಿ ಹೋಗುವುದು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಿಗೆ. ಈ ಇಡೀ ವ್ಯವಹಾರದ ಅತ್ಯುತ್ತಮವೂ ಅತ್ಯಂತ ಅಪಾಯದ್ದೂ ಅಲ್ಲೇ ಇದೆ. ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ಒಬ್ಬ ಹಿರಿಯ ಹೆಂಗಸು ಬುಕಿಂಗಿಗೆ ಫೋನ್ ಮಾಡಿದರೆ ರೂಮಿನ ಬಾಡಿಗೆ ಹೇಳುವ ಮೊದಲು ವಿಚಾರಣೆ ಶುರು ಮಾಡುತ್ತಾರೆ.

"ಗಂಡೋ ಹೆಣ್ಣೋ? ಆಪರೇಷನ್ ಆಗಿದ್ಯಾ? ಬೆದೆಗೆ ಬಂದಿದ್ರೆ ಈಗ ಬರೋದು ಬೇಡ, ನಮ್ಮನೇಲಿ ಎರಡು ಗಂಡಿದಾವೆ. ಕೋಳಿ ಕಂಡ್ರೆ ಅಟ್ಟಿಸ್ಕಂಡು ಹೋಗುತ್ತಾ? ಇಂಜೆಕ್ಷನ್ ಬುಕ್ಕಿಂದು ಫೋಟೊ ಕಳ್ಸಿ. ಕತ್ತಲಾದ ಮೇಲೆ ಹೊರಗೆ ಬಿಡಂಗಿಲ್ಲ ಮಾರಾಯ್ರೆ, ಚಿರತೆ ಓಡಾಡುತ್ತೆ, ನಮ್ದೇ ಒಂದು ಹೋಗಿದೆ. ಮಂಚದ ಮೇಲೆ ಮಲಗ್ಸೋರಾ? ಹಂಗಾದ್ರೆ ಹೊದಿಕೆ ನಿಮ್ದೇ ತನ್ನಿ."

ನಾಯಿಗೆಷ್ಟು ಚಾರ್ಜು ಎಂದು ಕೇಳಿದ್ದಕ್ಕೆ ಅವರಿಗೆ ನಗು ಬಂತು. ನಮ್ಮವಕ್ಕೆ ಹಾಕೋದ್ರಲ್ಲೇ ಅದಕ್ಕೂ ಒಂದು ಹಿಡಿ ಎಂದರು. ಆ ಫೋನು ಇಟ್ಟ ಮೇಲೆ ರೆಸಾರ್ಟಿನ ನಿಯಮಪುಟವನ್ನು ಮತ್ತೆ ಓದಿದರೆ ಎರಡರ ನಡುವಿನ ಅಂತರ ಢಾಳಾಗಿ ಕಾಣುತ್ತದೆ. ಆಕೆಯದೂ ಬರೀ ನಿರ್ಬಂಧಗಳೇ. ಆದರೆ ಒಂದೊಂದು ನಿರ್ಬಂಧದ ಹಿಂದೆಯೂ ಒಂದು ನಾಯಿ, ಒಂದು ಕೋಳಿ, ಒಂದು ಚಿರತೆ ನಿಂತಿದೆ. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವ ಧೈರ್ಯ ಆಕೆಗಿದೆ. ಎಲ್ಲ ನಾಯಿಗಳಿಗೂ ಸ್ವಾಗತ ಎನ್ನುವ ಜಾಗವನ್ನು ನಾನು ಈಗೀಗ ಅನುಮಾನದಿಂದಲೇ ನೋಡುತ್ತೇನೆ. ಬರುವ ನಾಯಿ ಎಂಥದೆಂದು ಕೇಳದವರು, ನಾವಿರುವಾಗ ಪಕ್ಕದ ಕಾಟೇಜಿಗೆ ಎಂಥ ನಾಯಿ ಬರುತ್ತಿದೆ ಎಂದೂ ಕೇಳಿರುವುದಿಲ್ಲ.

ಹೋಂಸ್ಟೇಗಳಲ್ಲಿ ತೊಡಕು ಹುಟ್ಟುವುದು ಹಲವು ಸಲ ಆತಿಥೇಯರ ನಾಯಿಪ್ರೀತಿಯಿಂದಲೇ. ಪ್ರೀತಿ ಇದ್ದಲ್ಲಿ ಮನೆನಾಯಿಗಳೂ ಇರುತ್ತವೆ. ತೋಟ ಅವುಗಳ ಸಾಮ್ರಾಜ್ಯ. ಕಾರಿನ ಬಾಗಿಲು ತೆರೆದೊಡನೆ ನಗರದ ಗೋಲ್ಡನ್ ರಿಟ್ರೀವರ್ ಬಾಲವಾಡಿಸುತ್ತ ಇಳಿಯುತ್ತದೆ. ಎದುರಿಗೆ ಕಿವಿ ನಿಮಿರಿಸಿದ ಮೂರು. ಏನೂ ಮಾಡಲ್ಲ ಬಿಡಿ ಎಂದು ತೋಟದ ರೈಟರ್ ದೂರದಿಂದ ಕೂಗುತ್ತಾನೆ. ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ನಿಜ. ಮಾಡಿದಾಗ ಹತ್ತಿರದ ಪಶುವೈದ್ಯರು ತಾಲ್ಲೂಕು ಕೇಂದ್ರದಲ್ಲಿರುತ್ತಾರೆ, ಅವರ ಆಸ್ಪತ್ರೆಯಲ್ಲಿ ಎಮ್ಮೆ ದನಗಳ ಸರದಿ ನಿಂತಿರುತ್ತದೆ. ತಿಳಿದ ಆತಿಥೇಯರು ಗೇಟಿನ ಹೊರಗೆ, ಯಾರದೂ ಅಲ್ಲದ ರಸ್ತೆಯಲ್ಲಿ, ಎರಡೂ ಕಡೆಯ ನಾಯಿಗಳನ್ನು ಬೆಲ್ಟಿನಲ್ಲೇ ಒಂದಿಷ್ಟು ದೂರ ಜೊತೆಯಲ್ಲಿ ನಡೆಸಿ ಆಮೇಲೆ ಒಳಗೆ ಬಿಡುತ್ತಾರೆ. ಸಮಯ ಹಿಡಿಯುವ ಕೆಲಸ. ಕಾಫಿ ಆರುತ್ತದೆ ಎಂದು ಅವಸರ ಮಾಡುವವರು ಅತಿಥಿಗಳೇ.

ಇನ್ನೊಂದು ನೋಟವೂ ಇಲ್ಲಿ ತಪ್ಪದೆ ಸಿಗುತ್ತದೆ. ಅತಿಥಿಯ ನಾಯಿ ಒಳಗೆ ಎಸಿ ರೂಮಿನಲ್ಲಿ ಮಲಗಿದೆ, ಮನೆಯ ನಾಯಿ ಕೊಟ್ಟಿಗೆಯ ಕಂಬಕ್ಕೆ ಚೈನಿನಲ್ಲಿದೆ. ಮಲೆನಾಡಿನ ಮನೆಗಳಲ್ಲಿ ನಾಯಿಯ ಜಾಗ ಜಗುಲಿಯವರೆಗೆ. ಅಡುಗೆಮನೆ, ದೇವರಮನೆಯ ಕಡೆ ಅದು ಇಣುಕುವಂತಿಲ್ಲ. ನಗರದವರ ನಾಯಿಗೆ ಹೊಸ್ತಿಲೆಂಬುದೇ ಗೊತ್ತಿಲ್ಲ. ಲೈನ್ ಮನೆಗಳ ಕೂಲಿಕಾರರ ನಾಯಿಯಂತೂ ರೆಸಾರ್ಟಿನ ಹುಲ್ಲುಹಾಸಿಗೆ ಕಾಲಿಟ್ಟರೆ ಕಲ್ಲು ಬೀಳುತ್ತದೆ. ಗೇಟಿನ ಹೊರಗಿನ ನಾಯಿಯನ್ನು ಓಡಿಸಲು ಕೋಲು ಹಿಡಿದ ಕಾವಲುಗಾರನೇ ಒಳಗೆ ಬರುವ ನಾಯಿಗೆ ಸಲಾಂ ಹೊಡೆಯಬೇಕು. ತಳಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲದಿದ್ದಾಗ, ಅಂದರೆ ಬೆಂಗಳೂರಿನಿಂದ ಬಂದದ್ದೂ ಬೀದಿಯಿಂದ ತಂದು ಸಾಕಿದ ಇಂಡಿಯೇ ಆಗಿದ್ದಾಗ, ಕಾವಲುಗಾರ ಕೊರಳಪಟ್ಟಿಯನ್ನು ನೋಡಿ ನಿರ್ಧರಿಸುತ್ತಾನೆ.

ತೋಟ ಎಂದರೆ ನಮ್ಮವರಿಗೆ ಉದ್ಯಾನ. ಬೆಲ್ಟು ಬಿಚ್ಚಿ ಓಡಲಿ ಪಾಪ ಎಂದು ಬಿಟ್ಟುಬಿಡುತ್ತಾರೆ. ಕಾಫಿ ತೋಟ ಕೆಲಸದ ಜಾಗ, ಅಲ್ಲಿ ಬಲೆ, ವಿಷ ಎಲ್ಲವೂ ಇವೆ. ಕೊಡಗಿನ ಕೆಲವು ಭಾಗಗಳಲ್ಲಿ ಆಫ್ರಿಕನ್ ಬಸವನಹುಳುವಿನ ಹಾವಳಿಗೆ ತೌಡು, ಬೆಲ್ಲಕ್ಕೆ ವಿಷ ಬೆರೆಸಿ ಗಿಡಗಳ ಬುಡದಲ್ಲಿಡುತ್ತಾರೆ. ಬೆಲ್ಲದ ವಾಸನೆ ಹುಳುವನ್ನು ಮಾತ್ರ ಕರೆಯುವುದಿಲ್ಲ. ಹಂದಿಗೆಂದು ಕದ್ದು ಹಾಕಿದ ಉರುಳುಗಳಲ್ಲಿ ಚಿರತೆ, ಹುಲಿಗಳೇ ಸಿಕ್ಕಿ ಸತ್ತ ಸುದ್ದಿ ಆಗಾಗ ಬರುತ್ತಿರುತ್ತದೆ. ನಾಯಿ ಸಿಕ್ಕಿದ್ದು ಸುದ್ದಿಯಾಗುವುದಿಲ್ಲ. ಐಬೆಕ್ಸ್ ವಿದ್ಯುತ್ ಬೇಲಿಯ ಶಾಕು ಕೊಲ್ಲುವುದಿಲ್ಲವಾದರೂ ಹೆದರಿದ ನಾಯಿ ಯಾವ ದಿಕ್ಕಿಗೆ ಓಡುತ್ತದೆಂದು ಹೇಳಲಾಗದು. ಮಳೆಗಾಲದಲ್ಲಿ ಇಂಬಳ ಮೂಗಿನ ಹೊಳ್ಳೆಗೇ ಹೊಗುತ್ತದೆ. ಇವೆಲ್ಲಕ್ಕಿಂತ ಮೋಸಗಾರ ಉಣ್ಣೆ. ಅದು ಹಚ್ಚುವ ಜ್ವರ, ಬೇಬಿಸಿಯಾ ಆಗಲಿ ಎರ್ಲಿಕಿಯಾ ಆಗಲಿ, ಊರಿಗೆ ಮರಳಿ ವಾರ ಎರಡು ವಾರವಾದ ಮೇಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಹೋಂಸ್ಟೇಗೆ ಐದು ನಕ್ಷತ್ರ ಕೊಟ್ಟಾಗಿರುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವಾಹಕವೂ ಉಣ್ಣೆಯೇ ಎಂಬುದನ್ನು ಮಲೆನಾಡಿನವರಿಗೆ ನೆನಪಿಸಬೇಕಾಗಿಲ್ಲ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು, ನಮ್ಮ ರಜೆಗಳು ಬೀಳುವುದೂ ಆಗಲೇ. ದರಗು ಹೊಕ್ಕು ಬಂದ ನಾಯಿಯ ಮೈಮೇಲಿನ ಉಣ್ಣೆ ಮಂಚದವರೆಗೂ ಬರಬಲ್ಲದು. ಸಂಜೆ ಜಗುಲಿಯಲ್ಲಿ ಕೂತು ನಾಯಿಯ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಹುಡುಕಿ ತೆಗೆಯುವುದನ್ನು ಹೇಳಿಕೊಡುವ ಆತಿಥೇಯರಿದ್ದಾರೆ. ಕ್ಯಾಂಪ್‌ಫೈರ್ ಹಚ್ಚಿಕೊಡುವವರು ಅವರಿಗಿಂತ ಬಹಳ ಹೆಚ್ಚು.

ಕಾಡಿನ ಅಂಚಿಗೆ ಬಂದಾಗ ನನ್ನ ಅಭಿಪ್ರಾಯ ನಾಯಿಪ್ರಿಯರಿಗೆ ರುಚಿಸಲಿಕ್ಕಿಲ್ಲ. ನಾಗರಹೊಳೆ, ಬಂಡೀಪುರದ ಪಕ್ಕದ ರೆಸಾರ್ಟುಗಳು ನಾಯಿ ಬೇಡ ಎಂದರೆ ಸರಿ ಎನ್ನಬೇಕು. ಗಿರ್ ಅರಣ್ಯದಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಕೆನೈನ್ ಡಿಸ್ಟೆಂಪರ್, ನಾಯಿಗಳಲ್ಲಿ ಸಾಮಾನ್ಯವಾದ ವೈರಸ್ಸು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ರೋಗಕ್ಕೆ ಸಿಂಹಗಳಲ್ಲಿ ಮೂರನೇ ಒಂದರಷ್ಟು ಬಲಿಯಾಗಿದ್ದವು. ಅಭಯಾರಣ್ಯದ ಸುತ್ತ 5 ಕಿ.ಮೀ.ವರೆಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ನಮ್ಮ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಹಳ್ಳಿಯವನ ಹಸುವಿಗೆ ಇರುವ ಈ ಎಚ್ಚರ ಕಾರಿನಲ್ಲಿ ಬಂದಿಳಿಯುವ ನಾಯಿಗೂ ಬೇಕಲ್ಲ. ಅದೂ ಅಲ್ಲದೆ ಸಫಾರಿಗೆ ನಾಯಿಯನ್ನು ಒಯ್ಯುವಂತಿಲ್ಲ. ಬೆಳಗ್ಗೆ ಒಂದು ಸಫಾರಿ, ಸಂಜೆ ಇನ್ನೊಂದು, ಎರಡೂ ಹೊತ್ತು ನಾಯಿ ಬೀಗ ಹಾಕಿದ ರೂಮಿನಲ್ಲಿ. ಹುಲಿಯನ್ನೂ ಪೆಟ್ ಫ್ರೆಂಡ್ಲಿಯನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರುವವರು ಈ ಲೆಕ್ಕವನ್ನು ಗ್ರಾಹಕನಿಗೆ ಬಿಡಿಸಿ ಹೇಳುವುದಿಲ್ಲ.

ತಂಗುವ ಜಾಗದ ವಿಮರ್ಶೆಯಲ್ಲಿ ದಾರಿಯನ್ನು ಬಿಡುವಂತಿಲ್ಲ, ಏಕೆಂದರೆ ಕೆಟ್ಟ ದಾರಿ ಕಳೆದು ಬಂದ ನಾಯಿ ಒಳ್ಳೆಯ ರೂಮಿನಲ್ಲೂ ನಡುಗುತ್ತದೆ. ರೈಲಿನಲ್ಲಾದರೆ ಫಸ್ಟ್ ಎಸಿಯ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಇಡಿಯಾಗಿ ಹಿಡಿಯಬೇಕು. ಕೂಪೆ ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ಆದ ಮೇಲೆ. ಸಿಗದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆ. ಆ ಕತ್ತಲು, ಆ ಗದ್ದಲಕ್ಕೆ ಸಾಕಿದ ನಾಯಿಯನ್ನು ನೂಕುವವರ ಗಟ್ಟಿ ಮನಸ್ಸು ನನಗಿಲ್ಲ. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರುಗಳಲ್ಲಿ ಪ್ರವೇಶವೇ ಇಲ್ಲ. ವಿಮಾನದಲ್ಲಿ ಆಕಾಸಾ ಏರ್ 2022ರ ನವೆಂಬರಿನಿಂದ ಸಾಕುಪ್ರಾಣಿಗಳನ್ನು ಪ್ರಯಾಣಿಕರ ಜೊತೆಯಲ್ಲೇ ಕೂರಿಸತೊಡಗಿತು. ಶುರುವಿನಲ್ಲಿ ಗೂಡೂ ಸೇರಿ 7 ಕೆ.ಜಿ. ಮಿತಿ. ಶಿಟ್ಜುವಿಗೆ ಶುಭಯಾನ, ಲ್ಯಾಬ್ರಡಾರಿಗೆ ಹೆದ್ದಾರಿ. ಆ ಹೆದ್ದಾರಿಯ ಊಟದ ಹೋಟೆಲುಗಳೇ ನನ್ನ ದೃಷ್ಟಿಯಲ್ಲಿ ಪ್ರಯಾಣದ ಅತಿ ಕೆಟ್ಟ ಭಾಗ. ಒಳಗೆ ನಾಯಿಗೆ ಜಾಗವಿಲ್ಲ, ಹೊರಗೆ ನೆರಳಿಲ್ಲ. ಹತ್ತೇ ನಿಮಿಷ ಎಂದು ಕಾರಿನಲ್ಲಿ ಬಿಟ್ಟು ಹೋಗುತ್ತಾರೆ. ಹೊರಗೆ ಹಿತವಾದ 24 ಡಿಗ್ರಿ ಇದ್ದಾಗಲೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 34 ಮುಟ್ಟುತ್ತದೆ, ಅರ್ಧ ಗಂಟೆಗೆ 43. ನಾಯಿ ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ನಾಲಗೆ ಚಾಚಿ ಏದುವುದೇ ಅದಕ್ಕಿರುವ ಮುಖ್ಯ ದಾರಿ. ಮಸಾಲೆದೋಸೆ ಬರುವುದಕ್ಕೇ ಹದಿನೈದು ನಿಮಿಷ ಬೇಕು.

ಹೊರದೇಶಗಳಲ್ಲಿ ಇದೆಲ್ಲ ಸಲೀಸು ಎಂದು ಅಲ್ಲಿರುವ ಬಂಧುಗಳು ಹೇಳುತ್ತಿರುತ್ತಾರೆ. ಅರ್ಧ ನಿಜ. ಜರ್ಮನಿಯಲ್ಲಿ ಗೂಡಿನಲ್ಲಿ ಹಿಡಿಸದಷ್ಟು ದೊಡ್ಡ ನಾಯಿಗೆ ರೈಲಿನಲ್ಲಿ ಟಿಕೆಟು ಕೊಂಡು, ಬೆಲ್ಟು ಹಾಕಿ, ಬಾಯಿಗೆ ಕುಕ್ಕೆ ಕಟ್ಟಿ ಕೂರಿಸಬೇಕು. ಇಳಿದ ಮೇಲೆ ಊಟದ ಮನೆಯಲ್ಲಿ ಅದು ಮೇಜಿನ ಕೆಳಗೆ ಮಲಗಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾಯಿ ಸಾಕಿದ್ದಕ್ಕೆ ನಗರಸಭೆಗೆ ತೆರಿಗೆ ಕಟ್ಟಿರುತ್ತಾರೆ. ಅಲ್ಲಿ ಹೋಟೆಲು ಮಾತ್ರ ಉದಾರಿಯಾಗಿರುವುದಲ್ಲ. ಮನೆಯಿಂದ ರೂಮಿನವರೆಗೆ ಎಲ್ಲೂ ಕೊಂಡಿ ಕಳಚುವುದಿಲ್ಲ, ನಾಯಿಯೂ ಅದಕ್ಕೆ ತಕ್ಕಂತೆ ಪಳಗಿರುತ್ತದೆ. ಅಮೆರಿಕದಲ್ಲಿ ಮೋಟೆಲ್ 6ರಂಥ ಅಗ್ಗದ ಸರಪಳಿಗಳು ಬಹುಕಾಲ ನಾಯಿಗೆಂದು ಪ್ರತ್ಯೇಕ ದುಡ್ಡನ್ನೇ ಕೇಳದೆ ರೂಮು ಕೊಟ್ಟು ಹೆಸರು ಮಾಡಿದವು. ಅಂಗವಿಕಲರಿಗೆ ನೆರವಾಗಲು ತರಬೇತಾದ ನಾಯಿಯ ವಿಷಯದಲ್ಲಂತೂ ಅಲ್ಲಿಯ 1990ರ ಕಾಯ್ದೆ ಖಡಾಖಂಡಿತ. ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೆ, ಅದಕ್ಕೆ ಯಾವ ಕೆಲಸ ಕಲಿಸಲಾಗಿದೆ. ನಾಯಿಯ ಶುಲ್ಕ ಹಾಕುವಂತಿಲ್ಲ. ಕಣ್ಣು ಕಾಣದವರ ಜೊತೆಯ ನಾಯಿಯ ಬಗ್ಗೆ ಒಂದು ಸಾಲು ಬರೆದ ನಿಯಮಪುಟ ನಮ್ಮ ರೆಸಾರ್ಟುಗಳಲ್ಲಿ ನನಗೆ ಸಿಕ್ಕಿಲ್ಲ.

ನಾಯಿಯೊಂದಿಗಿನ ಪ್ರವಾಸಕ್ಕೆ ಸಾಹಿತ್ಯದ ಮೆರುಗು ಕೊಟ್ಟದ್ದು ಜಾನ್ ಸ್ಟೈನ್‌ಬೆಕ್. 1960ರಲ್ಲಿ ಚಾರ್ಲಿ ಎಂಬ ಪೂಡಲ್ ನಾಯಿಯೊಂದಿಗೆ ಅಮೆರಿಕ ಸುತ್ತಿ ಬಂದ ಅವನ ಪುಸ್ತಕ 1962ರಲ್ಲಿ ಹೊರಬಂತು. ನಾಯಿ ಕರೆದುಕೊಂಡು ಹೊರಡುವವರೆಲ್ಲ ಒಳಗೊಳಗೇ ಸ್ಟೈನ್‌ಬೆಕ್ ಆಗಿರುತ್ತಾರೆ. ಅವನು ಟ್ರಕ್ಕಿನ ಬೆನ್ನ ಮೇಲೆ ಸ್ವಂತ ಮನೆಯನ್ನೇ ಹೊತ್ತು ಹೊರಟಿದ್ದ ಎಂಬುದನ್ನು ಮರೆತಿರುತ್ತಾರೆ. ಚಾರ್ಲಿಗೆ ದಿನವೂ ಅದೇ ಮೂಲೆ, ಅದೇ ವಾಸನೆ. ಷಿಕಾಗೊದ ದೊಡ್ಡ ಹೋಟೆಲಿನಲ್ಲಿ ಹೆಂಡತಿಯನ್ನು ಕೂಡಿಕೊಂಡಾಗ ಅವನೂ ಚಾರ್ಲಿಯನ್ನು ನಾಯಿಗಳ ಬೋರ್ಡಿಂಗಿಗೇ ಬಿಟ್ಟಿದ್ದ.

ನಿಯಮಪುಟದ ತೂಕ, ತಳಿಗಳ ಪಟ್ಟಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 23 ತಳಿಗಳನ್ನು ಅಪಾಯಕಾರಿಯೆಂದು ನಿಷೇಧಿಸಲು ಹೊರಟ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು 2024ರ ಏಪ್ರಿಲಿನಲ್ಲಿ ರದ್ದು ಮಾಡಿತು. ಅಂಥ ಪಟ್ಟಿಗಳು ರೆಸಾರ್ಟುಗಳಲ್ಲಿ ಹಾಯಾಗಿ ಮುಂದುವರಿದಿವೆ. ಹದಿನೈದು ಕಿಲೋ ಮೀರಬಾರದು ಎಂಬ ನಿಯಮ ಇನ್ನೂ ತಮಾಷೆಯದು. ಬಾಗಿಲು ತಟ್ಟಿದಾಗಲೆಲ್ಲ ಸೂರು ಹಾರುವಂತೆ ಅರಚುವ ಪಾಮೇರಿಯನ್‌ಗೆ ಪ್ರವೇಶವಿದೆ, ಮೂಲೆಯಲ್ಲಿ ಮುದುಡಿ ಇಡೀ ದಿನ ನಿದ್ದೆ ಹೊಡೆಯುವ ಮುಧೋಳಕ್ಕೆ ಇಲ್ಲ.

ನಾಯಿಯೊಡೆಯರನ್ನು ಹಾಗೇ ಬಿಟ್ಟರೆ ವಿಮರ್ಶೆ ಒಂದು ಕಣ್ಣಿನದಾಗುತ್ತದೆ. ತೂಕ ಕೇಳಿದರೆ ಐದು ಕಿಲೋ ಇಳಿಸಿ ಹೇಳುವವರು, ಹೋಟೆಲಿನ ಬಿಳಿಯ ಟವೆಲಿನಿಂದ ಕೆಸರಿನ ಕಾಲು ಒರೆಸುವವರು, ಹೇಲು ಎತ್ತದೆ ಗೊಬ್ಬರವಾಗುತ್ತದೆ ಬಿಡಿ ಎನ್ನುವವರು ನಮ್ಮಲ್ಲೇ ಇದ್ದಾರೆ. ಬೆಲ್ಟಿಲ್ಲದೆ ನುಗ್ಗುವ ನಾಯಿಯನ್ನು ಕಂಡು ಮಗುವನ್ನು ಎತ್ತಿಕೊಂಡ ತಾಯಿಗೆ, ನಮ್ಮ ರಾಕಿ ಏನೂ ಮಾಡಲ್ಲ ಆಂಟಿ ಎಂದು ದೂರದಿಂದಲೇ ಕೂಗುವವರು ಎಲ್ಲ ಕಡೆ ಸಿಗುತ್ತಾರೆ. ರಾಕಿ ಏನೂ ಮಾಡದಿರಬಹುದು. ಆಂಟಿಯೂ ಅಷ್ಟೇ ದುಡ್ಡು ಕೊಟ್ಟು ಬಂದವರು, ಅವರ ಬೆಳಗನ್ನು ಹೆದರಿಸಿ ಕೆಡಿಸುವ ಹಕ್ಕು ರಾಕಿಯ ಶುಲ್ಕದಲ್ಲಿ ಸೇರಿಲ್ಲ. ಒಂದು ಕಾಲದಲ್ಲಿ ನಾಯಿಗೆ ಬಾಗಿಲು ತೆರೆದಿದ್ದ ಹೋಂಸ್ಟೇಗಳು ಈಗ ಮುಚ್ಚಿಕೊಂಡಿದ್ದರೆ ಅದಕ್ಕೆ ನಾಯಿಗಳು ಕಾರಣವಾಗಿರುವುದು ಕಡಿಮೆ.

ರೂಮು ಚೆನ್ನಾಗಿತ್ತೇ ಎಂಬ ಪ್ರಶ್ನೆಗೆ ನಾಯಿಯ ಉತ್ತರ ನಕ್ಷತ್ರಗಳಲ್ಲಿ ಬರುವುದಿಲ್ಲ. ಮೊದಲ ರಾತ್ರಿ ಬಟ್ಟಲು ಖಾಲಿ ಮಾಡಿತೇ, ನೀರು ಕುಡಿಯಿತೇ, ಬೆಳಗ್ಗೆ ಹೇಲು ಗಟ್ಟಿಯಾಗಿತ್ತೇ, ಬಾಗಿಲಿಗೆ ಬೆನ್ನು ಮಾಡಿ ಮಲಗಿತೇ: ಇಷ್ಟನ್ನು ನೋಡಿಕೊಂಡರೆ ಸಾಕು. ಈ ಪರೀಕ್ಷೆಯಲ್ಲಿ ಎಳೆಯ, ಪುಂಡ, ಜನ ಕಂಡರೆ ಕುಣಿಯುವ ನಾಯಿಗಳು ಎಂಥ ಕಡೆಯಲ್ಲೂ ಪಾಸಾಗುತ್ತವೆ, ಅವನ್ನು ಕರೆದೊಯ್ಯುವುದರಲ್ಲಿ ನಿಜವಾದ ಸುಖವಿದೆ. ಹತ್ತು ದಾಟಿದವು, ಪಟಾಕಿಗೆ ಮಂಚದಡಿ ಸೇರುವವು, ಕಾರು ಹತ್ತಿದೊಡನೆ ಜೊಲ್ಲು ಸುರಿಸುವವು ಎರಡನೆಯ ರಾತ್ರಿಗೂ ಉಣ್ಣುವುದಿಲ್ಲ. ಅಂಥ ನಾಯಿಯನ್ನು ಮನೆಯಲ್ಲೇ ಬಿಟ್ಟು, ಅದಕ್ಕೆ ಪರಿಚಯವಿರುವ ಹುಡುಗನನ್ನೋ ಹುಡುಗಿಯನ್ನೋ ರಾತ್ರಿ ಮಲಗಲು ಕರೆದು, ರೆಸಾರ್ಟಿಗೆ ನಾಯಿಯ ಲೆಕ್ಕದಲ್ಲಿ ಕಟ್ಟುತ್ತಿದ್ದ ಹಣವನ್ನು ಅವರ ಕೈಗೆ ಕೊಡುವುದು ವಾಸಿ. ಕ್ಯಾಂಪ್‌ಫೈರಿನ ಫೋಟೊದಲ್ಲಿ ನಾಯಿ ಇರುವುದಿಲ್ಲ, ಅಷ್ಟೇ. ಗಂಡ ಹೆಂಡತಿ ಒಟ್ಟಿಗೆ ಕೂತು ತಿಂಡಿ ತಿಂದು ಬರಬಹುದು.